ತಗ್ಗಿನಹಾಳದ ಕಂದೀಲು

ಗೋಲಿ ಸೋಡಾ ಕುಡಿದವರಿಗೆಲ್ಲ ನನ್ನ ವೃತ್ತಿಯ ಅರ್ಧ ಗೊತ್ತೇ ಇದೆ. ಸೋಡಾದಲ್ಲಿ ಗುಳುಗುಳು ಎನ್ನುವುದು, ನಾವು ಉಸಿರು ಬಿಟ್ಟಾಗ ಹೊರಬರುವುದು, ಕಲ್ಲಿದ್ದಲು ಉರಿದಾಗ ಚಿಮಣಿಯಿಂದ ಏಳುವುದು ಎಲ್ಲವೂ ಒಂದೇ ಅನಿಲ, ಇಂಗಾಲದ ಡೈಆಕ್ಸೈಡ್. ಭೂಮಿಯ ಜ್ವರ ಏರುತ್ತಿರುವುದು ಇದರಿಂದಲೇ. ಇದನ್ನು ಚಿಮಣಿಯ ಬಾಯಲ್ಲೇ ಹಿಡಿದು, ಪೈಪಿನಲ್ಲಿ ನೂರಾ ಮೂವತ್ತು ಕಿಲೋಮೀಟರ್ ಸಾಗಿಸಿ, ನೆಲದಾಳದ ಕರಿಗಲ್ಲಿಗೆ ಕುಡಿಸಿ, ಅಲ್ಲೇ ಕಲ್ಲಾಗಿಸಿಬಿಟ್ಟರೆ ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಹನ್ನೊಂದು ವರ್ಷ ಕಳೆದಿದ್ದೆ. ನನ್ನ ಕೂದಲು ಬೆಳ್ಳಗಾದದ್ದೂ ಈ ಅವಧಿಯಲ್ಲೇ.

ಕೃಷ್ಣಾ ದಂಡೆಯ ಹೊನ್ನಗುಡ್ಡ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಹಿಡಿಯುವ ಕೆಲಸ ಆಗಲೇ ಕೈಗೂಡಿತ್ತು. ಹೊಗೆಯನ್ನು ಒಂದು ದ್ರಾವಣದಲ್ಲಿ ತೊಳೆದರೆ ಅನಿಲ ಅದಕ್ಕೆ ಅಂಟಿಕೊಳ್ಳುತ್ತದೆ. ದ್ರಾವಣವನ್ನು ಕಾಯಿಸಿದರೆ ಬಿಟ್ಟುಕೊಡುತ್ತದೆ. ಹೀಗೆ ಕಾಯಿಸುವುದಕ್ಕೇ ಕೇಂದ್ರದ ವಿದ್ಯುತ್ತಿನಲ್ಲಿ ಕಾಲುಭಾಗ ಹೋಗುತ್ತಿತ್ತು. ಪ್ರಯೋಗಾಲಯದವರು ಹೊಸ ದ್ರಾವಣ ಕಂಡುಹಿಡಿದು ಅದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಕಲ್ಲಾಗಿಸುವವರಿಗೆ ಪತ್ರಿಕೆಗಳಲ್ಲಿ ಫೋಟೊ. ನಡುವಿನದು, ಎಂದರೆ ಸಾಗಿಸುವುದು, ನನ್ನ ಪಾಲಿನದು. ಮದುವೆಮನೆಯಲ್ಲಿ ಹೊಗಳಿಕೆ ಅಡುಗೆಯವರಿಗೆ, ಬೈಗುಳ ಬಡಿಸುವವರಿಗೆ, ನಾನು ಬಡಿಸುವವಳು.

ಸಾಗಿಸುವುದರಲ್ಲಿ ಇರುವ ಅಪಾಯ ಇಷ್ಟೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಪೈಪು ಸೋರಿದರೆ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತಗ್ಗಿನಲ್ಲಿ ಮಲಗಿದವರು ಏಳುವುದಿಲ್ಲ. ಪೈಪಿನ ದಾರಿಯಲ್ಲಿ ಹದಿನೇಳು ಊರುಗಳು. ಹದಿನಾರು ದಿಣ್ಣೆಯ ಮೇಲಿದ್ದವು. ಹದಿನೇಳನೆಯದು ತಗ್ಗಿನಹಾಳ, ಎರಡು ದಿಬ್ಬಗಳ ನಡುವೆ, ಹಳ್ಳದ ಪಕ್ಕ, ಹೆಸರಿಗೆ ತಕ್ಕ ಹಾಗೆ ಇತ್ತು.

ತಗ್ಗಿನಹಾಳದವರು ತೊಂಬತ್ತು ದಿನದ ಪ್ರಯೋಗಕ್ಕೆ ಮಾತ್ರ ಒಪ್ಪಿದ್ದರು. ಅಷ್ಟೂ ದಿನ ಅನಿಲ ಒಂದೇ ಸಮನೆ ಹರಿಯಬೇಕು. ನಡುವೆ ನಿಂತರೆ ಪ್ರಯೋಗ ಸೋತಂತೆ. ಕೊನೆಯಲ್ಲಿ ಗ್ರಾಮಸಭೆ ಸೇರಿ ಹೂಂ ಅಥವಾ ಊಹೂಂ ಹೇಳಬೇಕು. ಊಹೂಂ ಎಂದರೆ ಪೈಪು ಕಿತ್ತು ಮನೆಗೆ. ಬೇರೆ ದಾರಿ ಇರಲಿಲ್ಲ, ನಕ್ಷೆಯಲ್ಲೂ ನನ್ನ ಬದುಕಿನಲ್ಲೂ.

ಮೊದಲ ಸಭೆಯಲ್ಲಿ ನಾನು ನಲವತ್ತೈದು ಚಿತ್ರ ತೋರಿಸಿ ಎರಡು ಗಂಟೆ ಮಾತಾಡಿದೆ. ಪಂಚಾಯ್ತಿ ಸದಸ್ಯೆ ಹುಲಿಗೆಮ್ಮ ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿದರು. ಅರವತ್ತು ದಾಟಿದ ಹೆಂಗಸು, ಜೋಳ, ಕುಸುಬೆ ಬೆಳೆಯುವವರು. ಕೊನೆಗೆ ಎದ್ದುನಿಂತರು.

"ಅದೆಲ್ಲಾ ಖರೇ ಐತ್ರಿ ಮೇಡಂ. ಆದ್ರ ಅದು ಊರಾಗ ಬಂದ್ರ ನಮಗ ಹೆಂಗ ಗೊತ್ತಾಗತೈತಿ?"

ಹನ್ನೆರಡನೆಯ ಚಿತ್ರವನ್ನು ಮತ್ತೆ ತೋರಿಸಿದೆ. ಬೀದಿಬೀದಿಗೆ ಕಂಬ, ಕಂಬಕ್ಕೊಂದು ಪೆಟ್ಟಿಗೆ, ಅನಿಲ ತಾಗಿದರೆ ಪೆಟ್ಟಿಗೆ ಕೂಗುತ್ತದೆ. ಜೊತೆಗೆ ಅನಿಲಕ್ಕೆ ವಾಸನೆ ಬೆರೆಸುತ್ತೇವೆ ಎಂದೂ ಹೇಳಿದೆ. ಹುಲಿಗೆಮ್ಮ ತಲೆಯಾಡಿಸಿ ಕೂತರು. ಒಪ್ಪಿದ ತಲೆಯಾಟವಲ್ಲ, ಇರಲಿ ನೋಡೋಣ ಎನ್ನುವ ತಲೆಯಾಟ.

ಯಾವ ವಾಸನೆ ಎಂದು ನಮ್ಮ ಸಮಿತಿ ನಾಲ್ಕು ತಿಂಗಳು ಚರ್ಚಿಸಿತ್ತು. ಅಡುಗೆ ಗ್ಯಾಸಿನ ವಾಸನೆ ಎಲ್ಲರಿಗೂ ಗೊತ್ತು, ಮೂಗಿಗೆ ಬಡಿದ ಕೂಡಲೇ ಅಪಾಯ ಎಂದು ಅರಿವಾಗುತ್ತದೆ, ಅದನ್ನೇ ಬೆರೆಸೋಣ ಎಂದವಳು ನಾನೇ. ಪ್ರಯೋಗ ಶುರುವಾದ ಮೂವತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಣಕು ಕವಾಯತು ಇಟ್ಟುಕೊಂಡೆವು. ಬರೀ ವಾಸನೆಯನ್ನು ಬೀದಿಗಳಲ್ಲಿ ಬಿಡುವುದು. ವಾಸನೆ ಬಂದ ಕೂಡಲೇ ಎಲ್ಲರೂ ಮೂಡಣ ದಿಬ್ಬ ಹತ್ತುವುದು. ಮನೆಮನೆಗೆ ಕರಪತ್ರ ಹಂಚಿದ್ದೆವು. ನಾನೂ ನಿಯಂತ್ರಣ ಕೊಠಡಿಯ ಖಾಜಾಹುಸೇನರೂ ಮುನ್ನೂರು ಪ್ಯಾಕೆಟ್ ಮಜ್ಜಿಗೆ ಇಟ್ಟುಕೊಂಡು ದಿಬ್ಬದ ಮೇಲೆ ಕಾದೆವು.

ಒಂದು ನರಪಿಳ್ಳೆಯೂ ಬರಲಿಲ್ಲ.

ಕೆಳಗೆ ಇನ್ನೂರ ಹದಿನಾಲ್ಕು ಮನೆಗಳಲ್ಲಿ ಇನ್ನೂರ ಹದಿನಾಲ್ಕು ಕೈಗಳು ರೆಗ್ಯುಲೇಟರ್ ಬಂದ್ ಮಾಡಿದ್ದವು. ಕಿಟಕಿ ಬಾಗಿಲು ತೆರೆದಿದ್ದರು, ಲೈಟಿನ ಸ್ವಿಚ್ ಮುಟ್ಟಿರಲಿಲ್ಲ, ಕೆಲವರು ಸಿಲಿಂಡರನ್ನೇ ಹೊತ್ತು ಅಂಗಳಕ್ಕೆ ತಂದಿಟ್ಟಿದ್ದರು. ಗ್ಯಾಸ್ ವಾಸನೆ ಬಂದರೆ ಮಾಡಬೇಕಾದ್ದೆಲ್ಲವನ್ನೂ ಚಾಚೂ ತಪ್ಪದೆ ಮಾಡಿ, ಏಜೆನ್ಸಿಗೆ ಫೋನ್ ಹಚ್ಚಿ, ನೆಮ್ಮದಿಯಾಗಿ ಮನೆಯಲ್ಲೇ ಕೂತಿದ್ದರು. ಹನ್ನೊಂದು ಗಂಟೆಗೆ ಏಜೆನ್ಸಿಯವನು ಚೀಲದ ತುಂಬ ವಾಷರ್ ಹೊತ್ತು ಬಂದ. ಆ ದಿನ ದಿಬ್ಬ ಹತ್ತಿದ ಏಕೈಕ ಮನುಷ್ಯ ಅವನೇ. ಯಾರ ಮನೆಯಿಂದ ಶುರು ಮಾಡಲಿ ಎಂದು ನಮ್ಮನ್ನು ಕೇಳಲು ಬಂದಿದ್ದ.

"ವಾಸನಿ ಬಂತು, ಬಂದ್ ಮಾಡಿದ್ವಿ," ಎಂದರು ಹುಲಿಗೆಮ್ಮ. "ಅದು ಖರೇ ಗಾಳಿ ಆಗಿದ್ರ ನಾವು ಈಗ ಎಲ್ಲಿರ್ತಿದ್ವಿ?"

ಅನಿಲಕ್ಕೆ ಗ್ಯಾಸಿನ ವಾಸನೆ ಬೆರೆಸುವ ಯೋಜನೆಯನ್ನು ಅವತ್ತೇ ಕೈಬಿಟ್ಟೆ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಹಿಟ್ಟು ನಾದುವುದನ್ನು ಬಿಟ್ಟು ನಗತೊಡಗಿದರು. ಮೌನೇಶ್ ಇದೇ ಸೀಮೆಯವರು, ಐಟಿಐನಲ್ಲಿ ವೆಲ್ಡಿಂಗ್ ಕಲಿಸುತ್ತಾರೆ, ನಾನು ತುಮಕೂರಿನವಳು. ರೊಟ್ಟಿ ಬಡಿಯುವ ಕೆಲಸ ಮದುವೆಯಾದಾಗಿನಿಂದ ಅವರದೇ, ಏಕೆಂದರೆ ನಾನು ಬಡಿದರೆ ಅದು ನಕ್ಷೆಯಾಗುತ್ತದೆ.

"ನಗಬೇಡಿ," ಎಂದೆ. ಕಣ್ಣು ತುಂಬಿತ್ತು. "ಹನ್ನೊಂದು ವರ್ಷದ ಕೆಲಸ ಒಂದು ವಾಷರಿಗೆ ಬಂದು ನಿಂತಿದೆ."

ಮೌನೇಶ್ ನಗು ನಿಲ್ಲಿಸಿದರು. "ವಿನೋದಿನಿ, ಒಂದ್ ಮಾತು ಕೇಳ್ತೀನಿ. ನಿನ್ನ ಪೈಪಿನ್ಯಾಗ ಇರೋದು, ಹಗೇವಿನ್ಯಾಗ ಇರೋದು ಒಂದ ಹವಾ ಅಲ್ಲೇನು?"

"ಹಗೇವು ಅಂದರೆ?"

ಅವರು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಈ ಸೀಮಿಗೆ ಬಂದು ಎಷ್ಟು ವರ್ಷಾತು ನೀನು? ಹಗೇವು ಅಂದ್ರ ಜೋಳ ತುಂಬೋ ನೆಲಮಾಳಗಿ. ಬಾವಿ ಹಂಗ ತೋಡಿರ್ತಾರ. ಜೋಳ ಉಸುರಾಡಿ ಉಸುರಾಡಿ ಒಳಗ ಕೆಟ್ಟ ಹವಾ ತುಂಬ್ತೈತಿ. ತಿಳೀದ ಇಳಿದವರು ಮ್ಯಾಲ ಬರಂಗಿಲ್ಲ. ಈಗ ಬಾಳ ಮಂದಿ ಮುಚ್ಚ್ಯಾರ. ಹುಲಿಗೆಮ್ಮಂದು ಇನ್ನೂ ಇರಬೇಕು. ಹೋಗಿ ಆಕಿನ್ನ ಕೇಳು."

ಕಾಳು ಉಸಿರಾಡಿ ಬಿಡುವುದು ಅದೇ ಅನಿಲ. ನಾನು ವಿದೇಶದ ಹದಿನಾರು ವರದಿ ಓದಿದ್ದೆ. ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿದ್ದ ಪರಿಣತರನ್ನು ಒಂದು ಮಾತು ಕೇಳಿರಲಿಲ್ಲ.

ಮರುವಾರ ಹುಲಿಗೆಮ್ಮ ತಮ್ಮ ಹಿತ್ತಿಲಿನ ಹಗೇವು ತೆರೆಯುವವರಿದ್ದರು. ಬರ್ರಿ ಎಂದರು, ಹೋದೆ. ಮಣ್ಣು ಕೆದರಿ ಬಾಯಿಗೆ ಮುಚ್ಚಿದ್ದ ಬಂಡೆಯನ್ನು ಸರಿಸಿದರು. ಕತ್ತಲೆಯಿಂದ ಹಳೆಯ ಜೋಳದ ಬೆಚ್ಚನೆಯ ವಾಸನೆ ಬಂತು. ಯಾರೂ ಬಗ್ಗಿ ನೋಡಲಿಲ್ಲ. ಹುಲಿಗೆಮ್ಮ ಒಂದು ಹಳೆಯ ಕಂದೀಲು ತಂದರು. ಸೀಮೆಎಣ್ಣೆ ಸಿಗದ ಕಾಲ, ಒಳಗೆ ಕುಸುಬೆ ಎಣ್ಣೆಯ ಬತ್ತಿ ಕೂರಿಸಿದ್ದರು. ಹಗ್ಗ ಕಟ್ಟಿ ಇಳಿಬಿಟ್ಟರು. ಎರಡು ಮಾರು ಇಳಿದಿರಬೇಕು, ಜ್ವಾಲೆ ಸಣ್ಣದಾಯಿತು, ಬತ್ತಿ ಬಿಟ್ಟು ಎದ್ದಿತು, ಆರಿತು. ಗಾಳಿ ಬೀಸಿರಲಿಲ್ಲ.

"ಇನ್ನೂ ಐತಿ," ಎಂದರು ಹುಲಿಗೆಮ್ಮ, ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಎನ್ನುವ ಸ್ವರದಲ್ಲಿ. "ನಾಳಿಗಿ ಮತ್ತ ನೋಡೂಣು."

ಆಮೇಲೆ ಕಟ್ಟೆಯ ಮೇಲೆ ಕೂತು ಹೇಳಿದರು. "ನಮ್ಮಣ್ಣ ಹನುಮಣ್ಣ ಇಳಿದಿದ್ದ. ನಾನು ಎಂಟ್ ವರ್ಷದಾಕಿ. ಅವತ್ತು ಕಂದೀಲು ಹಚ್ಚಾಕ ಬ್ಯಾಸರ ಆತು ಅವಂಗ. ನಾನು ಮ್ಯಾಲ ನಿಂತು ಅಣ್ಣಾ ಅಣ್ಣಾ ಅಂತ ಕೂಗ್ತಾನ ಇದ್ದೆ. ಅದಕ್ಕ ನಾನು ನಿಮ್ಮನ್ನ ಅದ ಅದ ಕೇಳೋದು ಮೇಡಂ, ಮೊಂಡತನಕ್ಕಲ್ಲ."

ಅವರ ಕೈ ಹಿಡಿದುಕೊಂಡೆ. ಅವರು ಕೇಳಿದರು, "ನಿಮ್ಮ ಕಂದೀಲು ಎಲ್ಲಿ ಕಟ್ಟೀರಿ?"

ನಾನು ಬೀದಿಯ ಕಂಬದ ಪೆಟ್ಟಿಗೆ ತೋರಿಸಿದೆ. ಹುಲಿಗೆಮ್ಮ ತಲೆಯೆತ್ತಿ ನೋಡಿದರು. ಪೆಟ್ಟಿಗೆ ಏಳು ಅಡಿ ಮೇಲಿತ್ತು.

"ಅಷ್ಟು ಮ್ಯಾಲೇನ್ರಿ? ಹಗೇವಿನ ಬಾಯಾಗ ದೀಪ ಹಿಡಕೊಂಡು ಒಳಗ ಮನಷ್ಯಾನ್ನ ಇಳಿಸಿದಂಗಾತಲ್ರಿ."

ಮೂಲ ನಕ್ಷೆಯಲ್ಲಿ ಪೆಟ್ಟಿಗೆ ಇದ್ದದ್ದು ನೆಲದಿಂದ ಒಂದು ಅಡಿಯಲ್ಲೇ. ಮೊದಲ ಮಳೆಗಾಲಕ್ಕೆ ಎರೆಮಣ್ಣಿನ ಕೆಸರು ನಲವತ್ತು ಪೆಟ್ಟಿಗೆ ನುಂಗಿತು. ಉಳಿದವಕ್ಕೆ ಎಮ್ಮೆಗಳು ಮೈ ಉಜ್ಜಿದವು. ಎತ್ತರಕ್ಕೆ ಕಟ್ಟೋಣವೇ ಎಂದು ಗುತ್ತಿಗೆದಾರರು ಬರೆದು ಕೇಳಿದರು. ರಾಶಿ ಕಾಗದಗಳ ನಡುವೆ ಅದಕ್ಕೂ ಒಪ್ಪಿಗೆ ಎಂದು ಸಹಿ ಹಾಕಿದವಳು ನಾನು. ಅನಿಲ ಗಾಳಿಗಿಂತ ಭಾರ ಎಂದು ಊರೂರಿಗೆ ಪಾಠ ಹೇಳುತ್ತ ತಿರುಗಿದವಳೂ ನಾನೇ.

ಅವತ್ತೇ ನಮ್ಮ ಯೋಜನೆಯ ನಿರ್ದೇಶಕ ಜಯತೀರ್ಥರಿಗೆ ಫೋನ್ ಮಾಡಿದೆ. ಪೆಟ್ಟಿಗೆಗಳನ್ನು ನೆಲಕ್ಕಿಳಿಸಬೇಕು, ಬೀದಿಯ ತಗ್ಗುಗಳಲ್ಲಿ ಕಲ್ಲು ಕಟ್ಟಿದ ಗುಂಡಿ ತೋಡಿ ಅದರ ತಳದಲ್ಲಿ ಕೂರಿಸಬೇಕು, ಕೆಸರು ಹೋಗದಂಥ ಹೊಸ ಪೆಟ್ಟಿಗೆ ಬೇಕು ಎಂದೆ. ಗುಂಡಿ ಏಕೆಂದರೆ ಅನಿಲ ಮೊದಲು ಅಲ್ಲಿ ತುಂಬುತ್ತದೆ. ಬೀದಿಯಲ್ಲಿರುವವರ ಕಾಲಿಗೆ ಮುಟ್ಟುವ ಮುಂಚೆ ನಮಗೆ ಗೊತ್ತಾಗುತ್ತದೆ.

"ಪ್ರಯೋಗ ಮುಗಿಯಲಿ ವಿನೋದಿನಿ," ಎಂದರು ಅವರು. "ನಡುವೆ ಕೈ ಹಾಕಿದರೆ ಏನೋ ತಪ್ಪಾಗಿದೆ ಅಂತ ಊರವರು ತಿಳ್ಕೋತಾರೆ."

"ತಪ್ಪಾಗಿದೆ ಸರ್."

"ಹೊಸ ಪೆಟ್ಟಿಗೆಗೆ ಮಂಜೂರಾತಿ ಬರೋದೇ ಎರಡು ತಿಂಗಳು."

ಗುಂಡಿ ತೋಡುವುದಕ್ಕೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ. ಊರಿನವರೇ ಏಳು ತಗ್ಗು ತೋರಿಸಿದರು, ಮಳೆನೀರು ಎಲ್ಲಿ ನಿಲ್ಲುತ್ತದೆಂದು ಅವರಿಗೆ ಗೊತ್ತು. ನಾಲ್ಕಡಿ ಆಳದ ಏಳು ಗುಂಡಿ ತೋಡಿದೆವು. ಮೌನೇಶ್ ಒಂದು ಭಾನುವಾರ ಕೂತು ಏಳು ಕಬ್ಬಿಣದ ಜಾಲರಿ ಬೆಸೆದು ಕೊಟ್ಟರು. ಪೆಟ್ಟಿಗೆ ಬರುವವರೆಗೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿರುವಾಗಲೇ ಹುಲಿಗೆಮ್ಮ ಏಳು ಗುಂಡಿಗೂ ಒಂದೊಂದು ಕಂದೀಲು ಇಳಿಬಿಟ್ಟಿದ್ದರು. ಅಕ್ಕಪಕ್ಕದ ಮನೆಯವರು ಸರದಿಯ ಮೇಲೆ ಎಣ್ಣೆ ಹಾಕುವುದು, ಹೊತ್ತೊತ್ತಿಗೆ ಬಗ್ಗಿ ನೋಡುವುದು. ಗುಂಡಿಯಲ್ಲಿ ದೀಪ ಆರಿದರೆ ದಿಬ್ಬ. ಈ ಮಾತನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಇಪ್ಪತ್ತನೆಯ ಶತಮಾನದ ಕಂದೀಲು ನನ್ನ ಪೈಪನ್ನು ಕಾಯುತ್ತಿದೆ ಎಂದು ಕೇಂದ್ರದಲ್ಲಿ ತಮಾಷೆ ಶುರುವಾಯಿತು. ಮಾಡಲಿ ಬಿಡಿ ಎಂದುಕೊಂಡೆ.

ಎಂಬತ್ತಮೂರನೆಯ ದಿನ. ಬೆಳಿಗ್ಗೆ ಏಳು ಗಂಟೆ. ಚಳಿಗಾಲ, ಎಲೆ ಅಲುಗದಷ್ಟು ಗಾಳಿ ನಿಂತಿತ್ತು. ನಿಯಂತ್ರಣ ಕೊಠಡಿಯಲ್ಲಿ ಖಾಜಾಹುಸೇನರು ಪರದೆಯ ಒಂದು ಗೆರೆಯನ್ನೇ ನೋಡುತ್ತಿದ್ದರು.

"ಮೇಡಂ, ತಗ್ಗಿನಹಾಳದ ತುಂಡಿನ್ಯಾಗ ಒತ್ತಡ ಕೂದಲಷ್ಟು ಇಳದೈತಿ. ಚಳಿಗಿ ಹಿಂಗ ಆಗತೈತಿ, ನಿನ್ನೆನೂ ಆಗಿತ್ತು. ಮಷೀನು ಸರಿ ಐತಿ ಅಂತೈತಿ."

ಹಸಿರು ದೀಪಗಳೆಲ್ಲ ಹಸಿರೇ ಇದ್ದವು. ಕಂಬದ ಪೆಟ್ಟಿಗೆಗಳು ಮೌನವಾಗಿದ್ದವು. ನನ್ನ ಫೋನ್ ಹೊಡೆದುಕೊಂಡಿತು.

"ಮೇಡಂ, ಹುಲಿಗೆಮ್ಮ. ಹಳ್ಳದ ಕಡಿ ಎರಡೂ ಕಂದೀಲು ಆರ್ಯಾವ."

"ಎಣ್ಣೆ ಮುಗಿದಿರಬಹುದಾ?"

"ನಾನ ಹಾಕೀನಿ, ಅರ್ಧ ತಾಸಾತು. ಹಗ್ಗದಾಗ ಇನ್ನೊಂದು ಹಚ್ಚಿ ಬಿಟ್ಟೆ. ಅದೂ ಆರ್ತು. ಮಂದಿನ್ನ ದಿಬ್ಬಕ್ಕ ಹೊಂಡಿಸೀನಿ. ನೀವು ನಿಮ್ಮ ಕಡಿಂದ ಬಂದ್ ಮಾಡ್ರಿ."

ಬಂದ್ ಮಾಡುವುದೆಂದರೆ ಒಂದು ಕೆಂಪು ಬಟನ್ ಒತ್ತುವುದು. ಊರಿನ ಆಚೆ ಈಚೆಯ ಎರಡೂ ಕವಾಟ ಮುಚ್ಚುತ್ತವೆ, ಹರಿವು ನಿಲ್ಲುತ್ತದೆ, ಪ್ರಯೋಗ ಸೋಲುತ್ತದೆ. ಏಳೇ ದಿನ ಬಾಕಿ. ಒಂದು ಕಡೆ ನಾನೇ ಕಟ್ಟಿದ ಯಂತ್ರಗಳು ಎಲ್ಲ ಸರಿಯಿದೆ ಎನ್ನುತ್ತಿದ್ದವು, ಇನ್ನೊಂದು ಕಡೆ ಕುಸುಬೆ ಎಣ್ಣೆಯ ಬತ್ತಿ ಇಲ್ಲ ಎನ್ನುತ್ತಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಕೈ ತಡೆಯಿತು. ಹನ್ನೊಂದು ವರ್ಷ ಆ ಕೈಯನ್ನು ಹಿಡಿದುಕೊಂಡಿತ್ತು. ಆಮೇಲೆ ಹಗೇವಿನ ಬಾಯಲ್ಲಿ ನಿಂತು ಅಣ್ಣಾ ಎಂದು ಕೂಗುವ ಎಂಟು ವರ್ಷದ ಹುಡುಗಿ ಕಣ್ಣ ಮುಂದೆ ಬಂದಳು. ಒತ್ತಿದೆ.

ಕವಾಟ ಮುಚ್ಚಿದ ಪೈಪು ಸೋರದಿದ್ದರೆ ಒತ್ತಡ ಇದ್ದಲ್ಲೇ ನಿಲ್ಲಬೇಕು. ನಾವಿಬ್ಬರೂ ಪರದೆ ನೋಡುತ್ತ ನಿಂತೆವು. ಐದು ನಿಮಿಷ. ಹತ್ತು ನಿಮಿಷ.

"ಇಳೀಲಾಕ ಹತ್ತೈತಿ ಮೇಡಂ," ಎಂದರು ಖಾಜಾಹುಸೇನ್, ಬಹಳ ಮೆಲ್ಲಗೆ. "ಯಾ ಅಲ್ಲಾ. ಸೋರಾಕ ಹತ್ತೈತಿ."

ಆ ತುಂಡಿನಲ್ಲಿದ್ದ ಅನಿಲವನ್ನು ದಿಬ್ಬದಾಚೆಯ ಎತ್ತರದ ಕೊಳವೆಯಿಂದ ಆಕಾಶಕ್ಕೆ ಬಿಟ್ಟೆವು. ನಾನು ಜೀಪು ಹತ್ತಿದೆ. ಮೂಡಣ ದಿಬ್ಬದ ಮೇಲೆ ಇಡೀ ಊರು ಕೂತಿತ್ತು: ಹಾಸಿಗೆ ಹಿಡಿದವರನ್ನು ಹೊರಸಿನ ಮೇಲೆ ಹೊತ್ತು ತಂದಿದ್ದರು, ಎಮ್ಮೆಗಳು, ಕುರಿಗಳು, ಯಾರೋ ಅರ್ಧ ಬಡಿದ ರೊಟ್ಟಿಯ ಹಿಟ್ಟಿನ ಸಮೇತ. ಹುಲಿಗೆಮ್ಮ ಮೂರನೇ ಸಲ ಎಣಿಸುತ್ತಿದ್ದರು. ಯಾರೂ ಕಡಿಮೆಯಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಕಂದೀಲು ಇಳಿಬಿಟ್ಟು ನೋಡಿ, ಉರಿಯುವುದನ್ನು ಕಂಡು, ಎಲ್ಲರೂ ಕೆಳಗಿಳಿದರು. ಹಳ್ಳದ ಕಡೆಯ ಒಂದು ಮನೆಯ ಬುಟ್ಟಿಯಡಿ ಮೂರು ಕೋಳಿ ಸತ್ತಿದ್ದವು. ಆ ಮನೆಯಲ್ಲಿ ನೆಲದ ಮೇಲೆ ಮಲಗುವವರು ಐದು ಮಂದಿ.

ಗ್ರಾಮಸಭೆ ಮೊದಲೇ ಗೊತ್ತುಮಾಡಿದ್ದ ದಿನವೇ ಸೇರಿತು. ಓದಬೇಕಾದ ಹೇಳಿಕೆಯನ್ನು ಜಯತೀರ್ಥರು ಕಳಿಸಿದ್ದರು. ಸಣ್ಣ ತಾಂತ್ರಿಕ ವ್ಯತ್ಯಯ ಎಂದಿತ್ತು. ಅದನ್ನು ಮಡಚಿ ಚೀಲದಲ್ಲಿಟ್ಟು, ಕತ್ತರಿಸಿ ತಂದಿದ್ದ ಪೈಪಿನ ತುಂಡನ್ನು ಮೇಜಿನ ಮೇಲಿಟ್ಟೆ. ಪ್ರಯೋಗದ ಎರಡನೆಯ ವಾರದಲ್ಲಿ ಒಂದು ದಿನ, ಪೈಪಿಗೆ ಬಿಡುವ ಮುಂಚೆ ಅನಿಲ ಒಣಗಿಸುವ ಯಂತ್ರ ಅರ್ಧ ಗಂಟೆ ಕೈಕೊಟ್ಟಿತ್ತು. ಒಳಗೆ ಹೋದ ತೇವ ಅನಿಲದೊಂದಿಗೆ ಸೇರಿ ಸೋಡಾ ಆಯಿತು, ಸೋಡಾ ಒಂದು ಬೆಸುಗೆಯನ್ನು ತಿಂದಿತು. ತೂತು ಸಾಸಿವೆಗಿಂತ ಚಿಕ್ಕದು. ಇದನ್ನೆಲ್ಲ ಹೇಳಿದೆ. ಪೆಟ್ಟಿಗೆಯನ್ನು ಏಳು ಅಡಿಗೆ ಏರಿಸಿದ್ದು ನನ್ನದೇ ಸಹಿ ಎಂದೂ ಹೇಳಿದೆ.

"ನೀವು ಬೇಡ ಅಂದರೆ ಪೈಪು ತೆಗೀತೇವೆ. ನಾನು ಹೂಂ ಅನ್ನಿ ಅಂತ ಕೇಳೋ ಹಾಗಿಲ್ಲ," ಎಂದು ಕೂತೆ.

ಸಭೆ ಗುಜುಗುಜು ಎಂದಿತು. ಬ್ಯಾಡ ಎನ್ನುವ ದನಿಗಳೇ ಹೆಚ್ಚಿದ್ದವು. ಹುಲಿಗೆಮ್ಮ ತುಂಡನ್ನು ಎತ್ತಿ ತೂತಿಗೆ ಕಣ್ಣಿಟ್ಟು ನೋಡಿ ಕೆಳಗಿಟ್ಟರು.

"ಬಂದ್ರ ಹೆಂಗ ಗೊತ್ತಾಗತೈತಿ ಅಂತ ನಾನ ಕೇಳಿದ್ದೆ. ಗೊತ್ತಾತು. ಹಗೇವಿನ್ಯಾಗ ಮಂದಿ ಸತ್ರು ಅಂತ ನಮ್ಮ ಹಿರ್ಯಾರು ಜೋಳ ತುಂಬೋದು ಬಿಡಲಿಲ್ಲ, ಕಂದೀಲು ಹಚ್ಚಾಕ ಕಲತ್ರು. ಚಿಮಣಿ ಹೊಗಿ ಈಗೂ ನಮ್ಮ ಮ್ಯಾಲ ಹಾದು ಹೊಕ್ಕೈತಿ. ಕುಸುಬಿ ಹೂ ಬಿಡೂ ಹೊತ್ತಿಗೆ ಉರಿಬಿಸಲು ಬರಾಕ ಹತ್ತೈತಿ. ಪೈಪು ತಗಿಸಿದ್ರ ಅದು ನಿಲ್ಲತೈತೇನು?" ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಮೇಡಂ, ಆವತ್ತು ನಾನು ಫೋನ್ ಹಚ್ಚಿದೆ, ನೀವು ಎತ್ತಿದ್ರಿ. ಎತ್ತಿರಲಿಲ್ಲ ಅಂದ್ರ? ಬಂದ್ ಮಾಡೋದು ನಮ್ಮ ಊರಾಗ, ನಮ್ಮ ಕೈಯಾಗ ಇರಬೇಕು. ಯಾರನ್ನೂ ಕೇಳಂಗ ಇರಬಾರದು."

ಜಗತ್ತಿನ ಯಾವ ಪೈಪ್‌ಲೈನಿನ ನಿಯಮದಲ್ಲೂ ನಾನು ಅಂಥದ್ದನ್ನು ಓದಿರಲಿಲ್ಲ. ಆ ಷರತ್ತಿನ ಮೇಲೆ ಸಭೆ ಇನ್ನೊಂದು ತೊಂಬತ್ತು ದಿನಕ್ಕೆ ಒಪ್ಪಿತು, ಜಯತೀರ್ಥರು ಮಾತ್ರ ಮೂರು ತಿಂಗಳು ಒಪ್ಪಲಿಲ್ಲ. ಉಳಿದ ಹದಿನಾರು ಊರುಗಳೂ ನಮಗೂ ಬೇಕು ಎಂದಾಗ ಒಪ್ಪಿದರು. ಒಣಗಿಸುವ ಯಂತ್ರ ಎರಡಾದವು, ಬೆಸುಗೆಗಳೆಲ್ಲ ಹೊಸದಾದವು, ಗುಂಡಿಯ ತಳಕ್ಕೆ ಪೆಟ್ಟಿಗೆ ಬಂದವು. ತಗ್ಗಿನಹಾಳದ ಪಂಚಾಯ್ತಿ ಕಟ್ಟೆಯ ಮೇಲೆ ಕವಾಟ ಮುಚ್ಚುವ ಕೆಂಪು ಹಿಡಿಕೆಯೊಂದು ಬಂದು ನಿಂತಿತು. ಹೊಸ ತೊಂಬತ್ತು ದಿನ ಅನಿಲ ಒಂದೇ ಸಮನೆ ಹರಿಯಿತು, ಗ್ರಾಮಸಭೆ ಹೂಂ ಎಂದಿತು. ಕಂದೀಲುಗಳನ್ನು ಮಾತ್ರ ಊರಿನವರು ತೆಗೆಯಲಿಲ್ಲ, ನಾನೂ ತೆಗೆಯಿರಿ ಎನ್ನಲಿಲ್ಲ.

ಎರಡು ವರ್ಷದ ಮೇಲೆ, ಪೈಪು ಹೋಗಿ ಮುಗಿಯುವ ವಿಜಯಪುರದ ಕಡೆಯ ಕೊಳವೆಬಾವಿಯಿಂದ ಕೊರೆದು ತೆಗೆದ ಕಲ್ಲು ನನ್ನ ಕೈಗೆ ಬಂತು. ಕರಿಗಲ್ಲು, ಅದರ ಬಿರುಕುಗಳ ತುಂಬ ಹಾಲಿನಂಥ ಬಿಳಿ ಎಳೆಗಳು. ಬಿಳಿಯದೆಲ್ಲ ನಮ್ಮ ಚಿಮಣಿಯ ಹೊಗೆ. ಒಂದು ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀದಾ ತಗ್ಗಿನಹಾಳಕ್ಕೆ ಹೋದೆ.

ಹುಲಿಗೆಮ್ಮ ಅದನ್ನು ಅಂಗೈಯಲ್ಲಿ ತೂಗಿದರು, ಮೂಸಿದರು, ಉಗುರಿನಿಂದ ಬಿಳಿ ಎಳೆ ಕೆರೆದರು. "ಇದು ಅದನಾ? ಖರೇನಾ?"

"ಅದೇ."

ಅವರು ನನ್ನ ಮಾತನ್ನು ಅಲ್ಲಿಗೇ ನಂಬಿಬಿಟ್ಟಿದ್ದರೆ ಹುಲಿಗೆಮ್ಮ ಹೇಗಾಗುತ್ತಿದ್ದರು? ಹಳ್ಳದ ಕಡೆಯ ಗುಂಡಿಗೆ ಕರೆದೊಯ್ದರು. ಜಾಲರಿ ಎತ್ತಿ, ಕಲ್ಲನ್ನು ಬುಟ್ಟಿಯಲ್ಲಿಟ್ಟು ತಳಕ್ಕೆ ಇಳಿಸಿದರು. ಕಂದೀಲು ಹಚ್ಚಿ, ಹಗ್ಗ ಬಿಡುತ್ತ ಬಿಡುತ್ತ ಅದರ ಪಕ್ಕಕ್ಕೇ ತಂದು ನಿಲ್ಲಿಸಿದರು. ಇಬ್ಬರೂ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ನನ್ನ ಕಾಲು ಜೋಮು ಹಿಡಿದಿತ್ತು.

"ನಮ್ಮಣ್ಣ ಇದನ್ನ ನೋಡಬೇಕಿತ್ತು," ಎಂದರು ಹುಲಿಗೆಮ್ಮ.

ಕೆಳಗೆ ಬಿಳಿ ಎಳೆಯ ಕರಿಗಲ್ಲಿನ ಪಕ್ಕ ದೀಪ ನೆಟ್ಟಗೆ ಉರಿಯುತ್ತಿತ್ತು.